ಒಂದು ಬೆರಳ ತುದಿಯಷ್ಟು

ಮೇ ೬, ಮಂಗಳವಾರ

ಕೆಟ್ಟ ಕನಸು. ಲಾಂಡ್ರಿಯಲ್ಲಿ ನನ್ನ ಮೇಜಿನ ಮೇಲೆ ನಮ್ಮ ಮಗಳು ಬುಗುರಿಯನ್ನು ಮಲಗಿಸಿದ್ದಾರೆ, ಫ್ರಾಕು ಹರವಿದ ಹಾಗೆ. ಲಾಂಡ್ರಿಯ ಯಜಮಾನರು ಬೆನ್ನ ಹಿಂದೆ ನಿಂತು, "ಬೇಗ ಆಗ್ಲಿ, ಗಿರಾಕಿ ಕಾಯ್ತಿದ್ದಾರೆ" ಎನ್ನುತ್ತಿದ್ದಾರೆ. ನಾನು ಅವಳ ಮೊಣಕೈ ಮಡಿಕೆಯ ಕೆಂಪಿಗೆ ಬ್ಲೀಚ್ ಹಾಕಿ ಉಜ್ಜುತ್ತಿದ್ದೇನೆ. ಕೆಂಪು ಹೋಯಿತು. ಹೋದ ಮೇಲೆ ನೋಡಿದರೆ ಆ ಜಾಗ ಎಷ್ಟು ತೆಳ್ಳಗಾಗಿದೆಯೆಂದರೆ ಕೆಳಗಿನ ಮೇಜಿನ ಮರದ ಗೆರೆ ಕಾಣುತ್ತಿದೆ. ಅವಳು ಅಳಲಿಲ್ಲ. "ಅಮ್ಮಾ, ಗಾಳಿ ಬರ್ತಿದೆ" ಎಂದಳು, ಅಷ್ಟೇ.

ಬೆಳಿಗ್ಗೆ ಇವರಿಗೆ ಹೇಳಿದೆ. ಬಸ್ಸಿನ ಡ್ಯೂಟಿಗೆ ಹೊರಟವರು ಬೂಟಿನ ಲೇಸು ಕಟ್ಟುತ್ತಲೇ, "ನಿದ್ದೆಯಲ್ಲೂ ಓವರ್‌ಟೈಮ್ ಮಾಡ್ತೀಯಲ್ಲೇ, ನಿಮ್ಮ ಯಜಮಾನರಿಗೆ ಗೊತ್ತಾದ್ರೆ ಖುಷಿಪಡ್ತಾರೆ" ಎಂದರು. ಇವರಿಗೆ ಎಲ್ಲವೂ ನಗು.

ಹೋದ ತಿಂಗಳು ಡಾಕ್ಟರು ಎರಡು ಔಷಧಿ ಕೊಟ್ಟರು. ಒಂದು ದೊಡ್ಡ ಬಿಳಿ ಡಬ್ಬಿ, ಚರ್ಮ ಒಣಗದಂತೆ ದಿನಾ ಹಚ್ಚುವ ಕ್ರೀಮು. ಇನ್ನೊಂದು ಸಣ್ಣ ಟ್ಯೂಬು, ಕೆರಳಿ ಕೆಂಪಾದ ಕಡೆಗೆ ಮಾತ್ರ. ಔಷಧಿ ಅಂಗಡಿಯವನು ಟ್ಯೂಬು ಕೈಗಿಡುತ್ತಾ, "ನೋಡ್ಕೊಂಡು ಹಚ್ಚಿ ಅಕ್ಕಾ, ಜಾಸ್ತಿ ಆದ್ರೆ ಚರ್ಮ ತೆಳ್ಳಗಾಗುತ್ತೆ" ಎಂದ. ಮುಂದಿನವರಿಗೆ ಕೆಮ್ಮಿನ ಔಷಧಿ ಕೊಡುವಷ್ಟರಲ್ಲಿ ಅವನು ಆ ಮಾತನ್ನು ಮರೆತಿರುತ್ತಾನೆ. ನಾನು ಮರೆತಿಲ್ಲ. ಕಲೆ ತೆಗೆಯುವ ಮೇಜಿಗೆ ಕೂತು ವರ್ಷಗಳಾದವು. ಒಂದು ಹನಿ ಸಾಕಾಗುವ ಕಡೆ ಎರಡು ಹನಿ ಬಿಟ್ಟರೆ ಬಟ್ಟೆಗೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಟ್ಯೂಬಿನಿಂದ ಸಾಸಿವೆ ಕಾಳಿನಷ್ಟು ತೆಗೆದು ಹಚ್ಚುತ್ತೇನೆ. ಅಷ್ಟು ಹಚ್ಚಿ ಮುಚ್ಚಳ ಬಿಗಿದುಬಿಡುತ್ತೇನೆ.

ಕೆರೆತ ಯಾವಾಗ ಜಾಸ್ತಿ ಎಂದು ಬರೆದಿಡಿ ಎಂದವರೂ ಡಾಕ್ಟರೇ. ಅದಕ್ಕೇ ಈ ಬರವಣಿಗೆ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮತ್ತೆ ಸೇರಿ ಎಂಟಕ್ಕೆ ಇನ್ನೊಂದು ಸಲ ಬಿಟ್ಟವಳು. ಕೆರೆತದ ಬಗ್ಗೆ ಬರೆಯಲು ಕೂತರೆ ಉಳಿದದ್ದೆಲ್ಲ ತಾನಾಗಿ ಬಂದು ಸೇರಿಕೊಳ್ಳುತ್ತದೆ.

ಕೆರೆತ: ಸಂಜೆ. ಜಾಗ: ಎರಡೂ ಮೊಣಕೈ ಮಡಿಕೆ, ಮಂಡಿಯ ಹಿಂದೆ, ಕುತ್ತಿಗೆಯ ಬಲಗಡೆ. ಬಲ ಮೊಣಕೈಯಿಂದ ನೀರು ಒಸರುತ್ತಿದೆ.

ಮೇ ೭, ಬುಧವಾರ

ಶಿಶುವಿಹಾರದ ಟೀಚರ್ ದಾರಿಯಲ್ಲಿ ಸಿಕ್ಕರು. ಬುಗುರಿಯ ಕೈ ಬಗ್ಗಿ ನೋಡಿದರು. "ಹೀಗೆ ಹಸಿ ಗಾಯ ಇದ್ರೆ ಸೇರಿಸ್ಕೊಳ್ಳೋಕೆ ಕಷ್ಟ ಕಣಮ್ಮ. ಮಕ್ಕಳು ಮಣ್ಣಲ್ಲಿ ಆಡ್ತಾರೆ, ಅದಕ್ಕೆ ಇನ್ನೇನೋ ಆಗಿಬಿಟ್ರೆ? ಮತ್ತೆ ಬೇರೆ ಮಕ್ಕಳ ಅಪ್ಪ ಅಮ್ಮನೂ ಕೇಳ್ತಾರೆ. ಇಪ್ಪತ್ತೆಂಟಕ್ಕೆ ಕರ್ಕೊಂಡು ಬನ್ನಿ. ಒಣಗಿದ್ರೆ ಸರಿ. ಇಲ್ಲಾಂದ್ರೆ ಈ ಜಾಗ ಬೇರೆಯವರಿಗೆ ಕೊಡಬೇಕಾಗುತ್ತೆ."

ಬುಗುರಿಗೆ ಮೂರೂವರೆ ವರ್ಷ. ಶಿಶುವಿಹಾರ ಎಂದರೆ ಅವಳಿಗೆ ಅರಮನೆ. ದಿನಾ ಬೆಳಿಗ್ಗೆ ಚೀಲದಲ್ಲಿ ಒಂದು ಚಮಚ, ಅಪ್ಪನ ಹಳೆಯ ಕಾಲುಚೀಲ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. "ಇವತ್ತಾ?"

ಇವತ್ತಲ್ಲ ಕಂದಾ.

ಸಂಜೆ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು, ಒರಟು ಟವೆಲಿನಲ್ಲಿ ಒರೆಸಿ, ಹೊರ ಅಂಚಿನಿಂದ ಒಳಕ್ಕೆ ಉಜ್ಜಿ ಮುಲಾಮು ಹಚ್ಚಿದೆ. ಕಲೆ ಹರಡಬಾರದೆಂದರೆ ಹಾಗೇ ಉಜ್ಜಬೇಕು. ಅವಳು, "ಅಮ್ಮಾ, ಇಸ್ತ್ರಿ ಸಾಕು" ಎಂದು ಅತ್ತಳು. ಅತ್ತೆ ಒಳಗಿನಿಂದ, "ಆ ಮಗೂನ ಬಿಡೇ, ಸುಲಿದ ಬಾಳೆಹಣ್ಣು ಮಾಡಿದೀಯ" ಎಂದರು. ಅತ್ತೆ ಹಾಗೆಂದದ್ದು ನನಗೆ ಇನ್ನೂ ಚುಚ್ಚುತ್ತಿದೆ.

ಮೇ ೧೦, ಶನಿವಾರ

ಪಾರ್ಕಿನಲ್ಲಿ ಜಾರುಬಂಡೆ. ಬುಗುರಿಯ ಹಿಂದೆ ಒಬ್ಬ ಚಿಕ್ಕ ಹುಡುಗ ಹತ್ತುತ್ತಿದ್ದ. ಅವನ ತಾಯಿ ಓಡಿ ಬಂದು ಅವನನ್ನು ಎತ್ತಿಕೊಂಡು, "ಅದು ಅಂಟುತ್ತಾ?" ಎಂದು ನನ್ನನ್ನು ಕೇಳಿದರು. ಇಲ್ಲ ಎನ್ನುವುದು ಬಿಟ್ಟು ಮಗಳನ್ನು ಇಳಿಸಿಕೊಳ್ಳಲು ಕೈ ಚಾಚಿದೆ. ಬುಗುರಿ ಮೇಲಿನಿಂದ ಮೊಣಕೈ ಎತ್ತಿ ತೋರಿಸಿ, "ಇದು ನನ್ನ ಕೆಂಪು. ನಿಂಗೆ ಕೊಡಲ್ಲ" ಎಂದು ಜರ್ರನೆ ಜಾರಿದಳು.

ಆ ಹುಡುಗ ತನಗೂ ಅದು ಬೇಕೆಂದು ಅಳತೊಡಗಿದ.

ಇವರಿಗೆ ಹೇಳಿದಾಗ ನಕ್ಕು ನಕ್ಕು ಕಣ್ಣಲ್ಲಿ ನೀರು. ನಾನೂ ನಕ್ಕೆ, ಸ್ವಲ್ಪ. ಆಮೇಲೆ ಸ್ನಾನದ ಮನೆಗೆ ಹೋಗಿ ಅತ್ತೆ. ಶಿಶುವಿಹಾರದಲ್ಲಿ ಬೆಳಿಗ್ಗೆ ಮೊದಲು ಎಲ್ಲ ಮಕ್ಕಳನ್ನೂ ಕೈ ಕೈ ಹಿಡಿಸಿ ರೌಂಡಾಗಿ ನಿಲ್ಲಿಸಿ ಹಾಡಿಸುತ್ತಾರೆ, ಬೇಲಿಯಿಂದ ನೋಡಿದ್ದೇನೆ. ಸೇರಿಸಿಕೊಂಡರೂ ಇವಳ ಕೈ ಯಾರು ಹಿಡಿಯುತ್ತಾರೆ?

ಹಾಲು ನಿಲ್ಲಿಸಿದ್ದೇನೆ. ಮೊಟ್ಟೆಯನ್ನೂ. ಟೊಮೇಟೊ ಕೂಡ ಕೆಂಪಗಿದೆ, ಯಾಕೆ ಬೇಕು.

ಮೇ ೧೩, ಮಂಗಳವಾರ

ಆಸ್ಪತ್ರೆ. ಡಾಕ್ಟರ ಹತ್ತಿರ ಹೋಗುವ ಮೊದಲು ನರ್ಸಮ್ಮ ಕೂರಿಸಿಕೊಂಡರು. ದಪ್ಪ ಕನ್ನಡಕ, ಗಟ್ಟಿ ದನಿ. ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಮುಚ್ಚಳ ತೆಗೆದು ನೋಡಿ, "ಇದು ಹೊಸದಾ?" ಎಂದರು.

"ಇಲ್ಲ ಸಿಸ್ಟರ್, ಹೋದ ತಿಂಗಳು ಇಲ್ಲೇ ಬರೆದುಕೊಟ್ಟಿದ್ದು."

"ಒಂದು ತಿಂಗಳಿಗೆ ಇಷ್ಟೇ ಖರ್ಚಾ? ಇಷ್ಟು ಹೊತ್ತಿಗೆ ಎರಡು ಡಬ್ಬಿ ಮುಗಿಸಿ ಮೂರನೇದು ಕೇಳ್ಕೊಂಡು ಬರಬೇಕಿತ್ತು ನೀವು."

ನಾನು ಹಾಳು ಮಾಡಿಲ್ಲವೆಂದು ಹೊಗಳುತ್ತಾರೆ ಅಂದುಕೊಂಡಿದ್ದೆ. ಮುಖ ಬಿಸಿಯಾಯಿತು.

"ಹೇಗೆ ಹಚ್ತೀರಿ, ತೋರಿಸಿ."

ತೋರಿಸಿದೆ. ಟ್ಯೂಬಿನಿಂದ ಸಾಸಿವೆಯಷ್ಟು, ಅಂಚಿನಿಂದ ಒಳಕ್ಕೆ. ಬುಗುರಿ ಹಲ್ಲು ಕಚ್ಚಿ ಕೈ ಕೊಟ್ಟಳು. ನರ್ಸಮ್ಮ ನನ್ನ ಬೆರಳನ್ನೇ ನೋಡುತ್ತಿದ್ದರು.

"ಎಲ್ಲಿ ಕೆಲಸ ಮಾಡ್ತೀರಮ್ಮ?"

"ಲಾಂಡ್ರಿಯಲ್ಲಿ. ಕಲೆ ತೆಗೀತೀನಿ."

"ಅದೇ ಅಂದ್ಕೊಂಡೆ. ಇದು ಕಲೆ ಅಲ್ಲ ಕಣಮ್ಮ. ಉಜ್ಜಿ ತೆಗೆಯೋಕೆ ಮೇಲೆ ಏನೂ ಅಂಟ್ಕೊಂಡಿಲ್ಲ. ಚರ್ಮವೇ ಕೋಪ ಮಾಡ್ಕೊಂಡಿದೆ. ಕೋಪ ಮಾಡ್ಕೊಂಡೋರನ್ನ ಉಜ್ತಾರಾ?"

"ತೆಳ್ಳಗಾಗುತ್ತೆ ಅಂದ್ರಲ್ಲ, ಅಂಗಡಿಯವ್ರು..."

"ಡಾಕ್ಟರನ್ನ ಕೇಳದೆ ತಿಂಗಳುಗಟ್ಟಲೆ ಗಟ್ಟಿ ಔಷಧಿ ಬಳಿದ್ರೆ ಆಗಬಹುದು. ಇದು ಮಕ್ಕಳಿಗೇ ಅಂತ ಕೊಟ್ಟ ಮೆತ್ತನೇದು, ಕೆರಳಿದಾಗ ಕೆಲವು ದಿನ ಮಾತ್ರ. ನೀವು ಮಾಡ್ತಿರೋದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಎಲ್ಲಿಗೂ ಸಾಲಲ್ಲ, ಕೆಂಪೂ ಇಳಿಯಲ್ಲ, ಮಗು ಮಾತ್ರ ಕೆರ್ಕೊಂಡೇ ಇರುತ್ತೆ. ಕೆರೆದೂ ಕೆರೆದೂ ಚರ್ಮ ಹಾಳಾಗಲ್ವಾ?"

ತಮ್ಮ ತೋರುಬೆರಳು ಚಾಚಿ ಟ್ಯೂಬನ್ನು ಒತ್ತಿದರು. ತುದಿಯಿಂದ ಮೊದಲ ಗೆರೆಯವರೆಗೆ ಒಂದು ಉದ್ದ ಎಳೆ. "ಇಷ್ಟು. ಇದು ಎರಡು ಅಂಗೈ ಅಗಲದ ಜಾಗಕ್ಕೆ." ಬುಗುರಿಯ ಮೊಣಕೈಗೆ ಅದನ್ನು ಮೆತ್ತಗೆ, ಬೆಕ್ಕಿನ ಬೆನ್ನು ಸವರಿದ ಹಾಗೆ, ಕೂದಲು ಹೋದ ದಿಕ್ಕಿಗೆ ಸವರಿದರು. ಬುಗುರಿ ಅಳಲಿಲ್ಲ. ನನ್ನ ಕಡೆ ತಿರುಗಿ, "ಅಮ್ಮಾ, ನೋಡು, ಹೀಗೆ" ಎಂದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಇನ್ನೂ ಹೇಳಿದರು: ಉಗುರುಬೆಚ್ಚಗಿನ ನೀರು, ಬೇಗ ಮುಗಿಯುವ ಸ್ನಾನ, ಒರೆಸಬೇಡಿ, ಒತ್ತಿ. ಮೈ ಇನ್ನೂ ತೇವ ಇರುವಾಗಲೇ ಬಿಳಿ ಕ್ರೀಮು, ಧಾರಾಳವಾಗಿ, ವಾಸಿಯಾದ ಮೇಲೂ. ಟ್ಯೂಬಿನದು ಮುಟ್ಟಿದರೆ ನುಣುಪಾಗುವವರೆಗೆ. ಹಾಲು, ಮೊಟ್ಟೆ ನಿಲ್ಲಿಸಿದ್ದು ಯಾರನ್ನು ಕೇಳಿ ಎಂದು ಬೈದರು. ಬೆಳೆಯುವ ಮಗು, ಮೊದಲಿನ ಹಾಗೆ ಕೊಡಿ ಎಂದರು. ಪೂರ್ತಿ ಹೋಗುತ್ತಾ ಎಂದು ಕೇಳಿದೆ. "ಬರುತ್ತೆ, ಹೋಗುತ್ತೆ. ದೊಡ್ಡವರಾಗ್ತಾ ತುಂಬ ಮಕ್ಕಳಿಗೆ ಕಡಿಮೆ ಆಗುತ್ತೆ. ಬಂದಾಗ ಹೆದರ್ಬೇಡಿ, ಅಷ್ಟೇ."

ಹೊರಡುವಾಗ, "ಎಲ್ಲಿ, ನಿಮ್ಮ ಕೈ" ಎಂದರು. ನನ್ನದು ಕೆಲಸದ ಕೈ, ಸೋಪಿನ ನೀರಿಗೆ ಬಿರಿದದ್ದು, ಅದಕ್ಕೇನು. ಅವರು ಹಿಡಿದುಕೊಂಡು ತಿರುಗಿಸಿ ನೋಡಿ, ಡಾಕ್ಟರ ಚೀಟಿಯಲ್ಲಿ ಇನ್ನೊಂದು ಡಬ್ಬಿ ಬರೆಸಿ ಎಂದರು. ಬುಗುರಿಗೆ ಎಂದೇ ಇರಬೇಕು.

ಮೇ ೧೪, ಬುಧವಾರ

ಮನೆಯಲ್ಲಿ ಬೆರಳಿನ ಜಗಳ.

ಬೆರಳ ತುದಿಯಿಂದ ಗೆರೆಯವರೆಗೆ ಎಂದರು ಸರಿ, ಯಾರ ಬೆರಳು? ನನ್ನದು ಸಣ್ಣ. ಇವರದು ಬಸ್ಸಿನ ಗೇರಿನಷ್ಟು ದಪ್ಪ. ನರ್ಸಮ್ಮನದು ಮಧ್ಯಮ. ನಾನು ಟ್ಯೂಬು ಹಿಡಿದುಕೊಂಡು ನಿಂತೆ. ಇವರು, "ನನ್ನ ಬೆರಳಲ್ಲೇ ಹಚ್ಚೋಣ, ಬೇಗ ವಾಸಿಯಾಗುತ್ತೆ" ಎಂದರು. ನಾನು ಬೇಡ ಎಂದೆ. ಅತ್ತೆ ತಮ್ಮ ಬೆರಳು ಚಾಚಿ, "ನಂದು ಸೊಟ್ಟ. ಗೆರೆ ಎಲ್ಲಿದೆಯೋ ನಂಗೇ ಕಾಣಲ್ಲ" ಎಂದರು. ಬುಗುರಿ ಬರಿಮೈಯಲ್ಲಿ ಮಧ್ಯೆ ನಿಂತು, ನಾಲ್ಕನೆಯದಾಗಿ ತನ್ನದನ್ನೂ ಚಾಚಿದಳು.

"ಮಗು ನೆಗಡಿ ಹಿಡ್ಕೊಳ್ಳುತ್ತೆ, ಫೋನ್ ಮಾಡೇ ಮಾರಾಯ್ತಿ!" ಎಂದರು ಇವರು.

ಮಾಡಿದೆ. ನರ್ಸಮ್ಮ ಕೆಮ್ಮಿದರು. ನಗು ತಡೆದುಕೊಂಡರೋ ಏನೋ. "ದೊಡ್ಡವರ ಬೆರಳು ಯಾರದಾದ್ರೂ ನಡೆಯುತ್ತಮ್ಮ. ಮಗುದು ಬೇಡ. ನಿಮ್ಮದೇ ಇರಲಿ."

ಟ್ಯೂಬು ಒತ್ತಿದೆ. ಅರ್ಧಕ್ಕೆ ಬಂದಾಗ ಕೈ ತಾನಾಗಿ ನಿಂತಿತು. ಇವರು ನನ್ನ ಕೈ ಮೇಲೆ ತಮ್ಮ ಕೈಯಿಟ್ಟು ಉಳಿದರ್ಧ ಒತ್ತಿದರು.

ಮೇ ೧೬, ಶುಕ್ರವಾರ

ಬಲ ಮೊಣಕೈ ಒಸರುತ್ತಿಲ್ಲ. ನಂಬುವುದಿಲ್ಲ. ಲಾಂಡ್ರಿಯಿಂದ ಎರಡು ಸಲ ಅತ್ತೆಗೆ ಫೋನ್ ಮಾಡಿದೆ. ಎರಡನೇ ಸಲ, "ಕೈ ಇದೆ, ಕಾಲಿದೆ, ಕುತ್ತಿಗೆ ಮೇಲೆ ತಲೆನೂ ಇದೆ. ಇಡು ಫೋನು" ಎಂದರು.

ಮೇ ೧೮, ಭಾನುವಾರ

ಕೆಂಪು ಹೋಗಿದೆ! ಎಡಗಡೆ ಗುಲಾಬಿ ಬಣ್ಣವೂ ಇಲ್ಲ. ಇಷ್ಟು ಬೇಗ ಹೋಗಿದ್ದಕ್ಕೇ ಹೆದರಿಕೆ. ಸಾಕು, ಟ್ಯೂಬು ನಿಲ್ಲಿಸಿಬಿಟ್ಟೆ. ಕಪಾಟಿನ ಮೇಲಿನ ತಟ್ಟೆಯ ಹಿಂದೆ ಇಟ್ಟೆ. ಬಿಳಿ ಕ್ರೀಮೂ ಬೆಳಿಗ್ಗೆ ಒಂದು ಸಲ ಸಾಕಲ್ಲವೇ, ಹೇಗೂ ವಾಸಿಯಾಯಿತು.

ಇವತ್ತು ಬುಗುರಿ ಕಾಲುಚೀಲದ ಜೊತೆ ಒಂದು ಈರುಳ್ಳಿಯನ್ನೂ ಚೀಲಕ್ಕೆ ಹಾಕಿಕೊಂಡಳು. ಟೀಚರಿಗಂತೆ.

ಮೇ ೨೧, ಬುಧವಾರ

ಮತ್ತೆ ಬಂತು. ಎರಡೂ ಕಡೆ. ಕೆರೆದು ಕೆರೆದು ಬಲಗಡೆ ಸಿಪ್ಪೆ ಎದ್ದಿದೆ. ಏಳು ದಿನ ಉಳಿದಿದೆ.

ಕೂತು ಅತ್ತೆ. ಅತ್ತು ಮುಗಿದ ಮೇಲೆ ಬುದ್ಧಿ ಬಂತು. ಲಾಂಡ್ರಿಗೆ ಹೊಸದಾಗಿ ಬರುವ ಹುಡುಗಿಯರಿಗೆ ಮೊದಲ ದಿನ ನಾನೇ ಹೇಳುವುದು ಏನು? ಒದ್ದೆ ಬಟ್ಟೆಯಲ್ಲಿ ಕಲೆ ಕಾಣುವುದಿಲ್ಲ, ಹೋಯಿತೆಂದು ಕೈ ಬಿಡಬೇಡಿ, ಒಣಗಿದ ಮೇಲೆ ಮುಟ್ಟಿ ನೋಡಿ. ನರ್ಸಮ್ಮ ಹೇಳಿದ್ದೂ ಅದೇ ಅಲ್ಲವೇ, ಮುಟ್ಟಿದರೆ ನುಣುಪಾಗುವವರೆಗೆ. ನಾನು ಬಣ್ಣ ನೋಡಿದೆ, ಮುಟ್ಟಿ ನೋಡಲಿಲ್ಲ. ಬೇಡದ ಕಡೆಯೆಲ್ಲ ಲಾಂಡ್ರಿ ಬುದ್ಧಿ ಓಡಿಸಿದೆ, ಬೇಕಾದ ಕಡೆ ಬಿಟ್ಟೆ.

ಫೋನ್ ಮಾಡಿದೆ. ಬೈಯಬಹುದು ಎಂದುಕೊಂಡಿದ್ದೆ. "ತುಂಬ ಜನ ಇದನ್ನೇ ಮಾಡ್ತಾರಮ್ಮ. ಮತ್ತೆ ಶುರು ಮಾಡಿ, ಈ ಸಲ ಬೆರಳು ಹೇಳೋವರೆಗೆ ನಿಲ್ಲಿಸ್ಬೇಡಿ. ಇನ್ನೊಂದು ವಾರಕ್ಕೂ ಕೇಳಲಿಲ್ಲಾಂದ್ರೆ ಕರ್ಕೊಂಡು ಬನ್ನಿ" ಎಂದರು.

ತಟ್ಟೆಯ ಹಿಂದಿನಿಂದ ಟ್ಯೂಬು ತೆಗೆದೆ. ಗೆರೆಯವರೆಗೆ ಒತ್ತಿದೆ. ಪೂರ್ತಿ. ಇವರು ಡ್ಯೂಟಿಯಲ್ಲಿದ್ದರು.

ಮೇ ೨೪, ಶನಿವಾರ

ಲಾಂಡ್ರಿಯಲ್ಲಿ ಕೆಲಸ ಹೆಚ್ಚಿತ್ತು. ಬರುವಷ್ಟರಲ್ಲಿ ಅತ್ತೆಯೇ ಸ್ನಾನ ಮಾಡಿಸಿ ಬಿಳಿ ಕ್ರೀಮು ಹಚ್ಚುತ್ತಿದ್ದರು. ಹಚ್ಚುತ್ತಿದ್ದರು ಎನ್ನುವುದಕ್ಕಿಂತ ಬಳಿಯುತ್ತಿದ್ದರು. ಬುಗುರಿಯ ಹುಬ್ಬೂ ಕಾಣುತ್ತಿರಲಿಲ್ಲ.

"ಅಜ್ಜಿ ಗೋಡೆ ಮಾಡ್ತಿದಾಳೆ" ಎಂದಳು ಬುಗುರಿ.

"ಗೋಡೆ ಮಾತಾಡಬಾರದು. ಬಾಯೊಳಗೆ ಹೋಗುತ್ತೆ."

"ನಾನು ಮೋಡ ಗೋಡೆ."

ಆಮೇಲೆ ಆ ಕ್ರೀಮಿಗೆ ಮೋಡ ಎಂದೇ ಹೆಸರಾಯಿತು. ಅಪ್ಪನ ಮೂಗಿಗೆ ಮೋಡ, ಬಾಗಿಲ ಹಿಡಿಗೆ ಮೋಡ. ಹಿಡಿ ಜಾರಿ ಇವರು ಅರ್ಧ ಗಂಟೆ ಸ್ನಾನದ ಮನೆಯಲ್ಲೇ ಸಿಕ್ಕಿಬಿದ್ದರು. ಒಳಗಿನಿಂದ, "ನಾನು ಇಷ್ಟು ದೊಡ್ಡ ಬಸ್ಸು ತಿರುಗಿಸ್ತೀನಿ, ಈ ಬಾಗಿಲು ತಿರುಗ್ತಿಲ್ವಲ್ಲೋ!" ಎಂದು ಕೂಗಿದರೆ, ಹೊರಗೆ ಅತ್ತೆ, "ರೈಟ್, ರೈಟ್" ಎಂದು ಬಾಗಿಲು ತಟ್ಟುತ್ತಿದ್ದರು. ಅತ್ತೆ ಹೀಗೆ ನಗುವುದನ್ನು ನಾನು ನೋಡಿಯೇ ಇರಲಿಲ್ಲ.

ಮಲಗುವಾಗ ಬುಗುರಿ ನನ್ನ ಕೈಯನ್ನೂ ಎಳೆದುಕೊಂಡು, ಒಂದೊಂದೇ ಬೆರಳಿಗೆ ಹಚ್ಚಿದಳು. "ಉಜ್ಜಲ್ಲ, ಹೆದರ್ಬೇಡ" ಎಂದಳು. ಬಿರುಕಿಗೆ ಮೊದಲು ಉರಿಯಿತು, ಆಮೇಲೆ ಹಿತವಾಯಿತು. ಹಾಗೇ ನಿದ್ದೆ ಬಂದುಬಿಟ್ಟಿತು, ದೀಪ ಆರಿಸಿದವರು ಯಾರೋ.

ಮೇ ೨೮, ಬುಧವಾರ

ಟೀಚರ ಹತ್ತಿರ ಹೋದೆವು. ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಬೆರಳಲ್ಲಿ ಅವಳ ಮೊಣಕೈ ಮುಟ್ಟಿ ಮುಟ್ಟಿ ನೋಡಿದೆ. ನುಣುಪು. ಬಲಗಡೆ ಸ್ವಲ್ಪ ಒರಟು ಇದೆ, ಆದರೆ ಒಣಗಿದೆ. ಬುಗುರಿ, "ಅಮ್ಮಾ, ನನ್ನ ಕೈ ಸ್ವಿಚ್ಚಲ್ಲ" ಎಂದು ಕಿತ್ತುಕೊಂಡಳು.

ಟೀಚರ್ ಕನ್ನಡಕ ಏರಿಸಿ ನೋಡಿದರು. "ಒಣಗಿದೆ. ಆದ್ರೂ ಬೇರೆಯವ್ರು ಕೇಳಿದ್ರೆ ಏನು ಹೇಳ್ಲಿ?"

ನಾನು ಹೇಳಿದೆ. ನನ್ನ ದನಿ ನನಗೇ ಕೇಳಿಸಿತು. "ಇದು ಅಂಟಲ್ಲ ಟೀಚರ್. ಇವಳ ಚರ್ಮ ಬೇಗ ಒಣಗುತ್ತೆ, ಬೇಗ ಕೋಪ ಮಾಡ್ಕೊಳ್ಳುತ್ತೆ, ಅಷ್ಟೇ. ಕೈ ಹಿಡಿದ್ರೆ, ಜೊತೆಗೆ ಕೂತ್ರೆ, ಒಂದೇ ತಟ್ಟೆಯಲ್ಲಿ ತಿಂದ್ರೂ ಯಾರಿಗೂ ಬರಲ್ಲ. ಮತ್ತೆ ಕೆರಳಬಹುದು. ಕೆರಳಿದ್ರೆ ಏನ್ ಮಾಡ್ಬೇಕು ಅಂತ ನಂಗೊತ್ತು. ನನ್ನ ಹತ್ರ ಕಳಿಸಿ, ಯಾರು ಕೇಳ್ತಾರೋ ಅವರನ್ನ."

"ಮಧ್ಯಾಹ್ನ ಕ್ರೀಮು ಹಚ್ಚೋರು ಯಾರಮ್ಮ? ನಂಗೆ ಇಪ್ಪತ್ತು ಮಕ್ಕಳು."

"ನಾನು" ಎಂದಳು ಬುಗುರಿ. ಚೀಲದಿಂದ ಮೋಡ ತುಂಬಿಸಿದ ಸಣ್ಣ ಡಬ್ಬಿ ತೆಗೆದು, ಟೀಚರ ಕೈ ಎಳೆದು, ಬೆಕ್ಕಿನ ಬೆನ್ನಿನ ಹಾಗೆ ಸವರಿ ತೋರಿಸಿದಳು. "ಹೀಗೆ. ನಿಮಗೂ ಬೇಕಾ ದಿನಾ?"

ಟೀಚರ್ ತಮ್ಮ ಕೈಯನ್ನು ನೋಡಿಕೊಂಡರು. "ಸೋಮವಾರ ಬರ್ಲಿ" ಎಂದರು. ಬುಗುರಿ ಚೀಲದ ತಳದಿಂದ ಈರುಳ್ಳಿ ತೆಗೆದು ಅವರಿಗೆ ಕೊಟ್ಟಳು. ಅದು ಮೊಳಕೆ ಒಡೆದಿತ್ತು.

ಜೂನ್ ೧, ಭಾನುವಾರ

ಇವತ್ತು ಬುಗುರಿ ಕನ್ನಡಿಯ ಮುಂದೆ ನಿಂತು, "ನನ್ನ ಕಿವಿ ನನಗ್ಯಾಕೆ ನೇರವಾಗಿ ಕಾಣಲ್ಲ?" ಎಂದು ಕೇಳಿದಳು. ಇವರು ಬಸ್ಸಿನ ಪಕ್ಕದ ಕನ್ನಡಿಯ ಬಗ್ಗೆ ದೊಡ್ಡ ಭಾಷಣ ಮಾಡಿದರು. ಅವಳು ಎಲ್ಲ ಕೇಳಿ, "ಹಾಗಾದ್ರೆ ಬಸ್ಸಿಗೆ ಕಿವಿ ಇದೆ" ಎಂದಳು. ಇವರು ಬಾಯಲ್ಲೇ ಹಾರನ್ ಹೊಡೆದರು. ಆಮೇಲೆ ಮೂವರೂ ಬಸ್ಸಾಗಿ ಅಂಗಳದಲ್ಲೆಲ್ಲ ಓಡಿದೆವು, ನಾನು ಹಿಂದಿನ ಚಕ್ರ. ಅತ್ತೆ ಟಿಕೇಟು ಕೊಟ್ಟರು, ಚಿಲ್ಲರೆ ಕೊಡಲಿಲ್ಲ.

ಮಲಗುವ ಹೊತ್ತಿಗೆ ಇವರು, "ಮೊಣಕೈ ಹೇಗಿದೆ ಇವತ್ತು?" ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಅವಳು ನೀರು ಕೇಳಿದಳು.

ಜೂನ್ ೨, ಸೋಮವಾರ

ನನಗೆ ರಜೆ ಸಿಗಲಿಲ್ಲ. ಇವರು ಡ್ಯೂಟಿ ಬದಲಾಯಿಸಿಕೊಂಡು ಬಿಡಲು ಹೋದರು. ನಾನು ಮೇಜಿನ ಮೇಲೆ ಯಾರದೋ ಬಿಳಿ ಅಂಗಿಯ ಶಾಯಿ ಕಲೆ ನೋಡುತ್ತಾ ಕೂತೆ. ಯಜಮಾನರು ಬಂದು, "ಏನಮ್ಮಾ, ಆ ಅಂಗಿಗೆ ನಿದ್ದೆ ಬಂದಿದೆ" ಎಂದು ಹೋದರು.

ಸಂಜೆ ಬಂದಾಗ ಬುಗುರಿ ಮಲಗಿಬಿಟ್ಟಿದ್ದಳು, ಬೂಟು ಹಾಕಿಕೊಂಡೇ. ಅತ್ತೆ ಸನ್ನೆ ಮಾಡಿದರು, ಎಬ್ಬಿಸಬೇಡ. ಇವರನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಅತ್ತಳಾ?"

"ನಾನು ಅತ್ತೆ. ಅವಳು ಟಾಟಾನೂ ಮಾಡ್ಲಿಲ್ಲ, ನೇರ ಒಳಗೆ."

"ರೌಂಡಾಗಿ ನಿಲ್ಸಿದ್ರಾ?"

"ನಿಲ್ಸಿದ್ರು. ಕಿಟಕಿಯಿಂದ ನೋಡ್ತಾ ನಿಂತಿದ್ದೆ."

ನಾನು ಲೋಟ ಕೆಳಗಿಟ್ಟೆ. ಇವರು ನಗುತ್ತಿರಲಿಲ್ಲ, ಇವರು ನಗದೆ ಮಾತಾಡುವುದೇ ಅಪರೂಪ.

"ಮೊದಲು ಪಕ್ಕದಲ್ಲಿದ್ದ ಹುಡುಗಿ ಇವಳ ಕೈ ನೋಡ್ತು. ಇವಳೂ ನೋಡಿದಳು. ಏನೋ ಹೇಳಿದಳು, ನಂಗೆ ಕೇಳಿಸ್ಲಿಲ್ಲ. ಆ ಹುಡುಗಿ ಒಂದು ಬೆರಳಲ್ಲಿ ಮುಟ್ಟಿ ನೋಡಿ, ಆಮೇಲೆ ಗಟ್ಟಿಯಾಗಿ ಹಿಡ್ಕೊಂಡು ಬಿಡ್ತು ಕಣೇ. ಹಾಡು ಮುಗಿದ್ರೂ ಬಿಡ್ಲಿಲ್ಲ. ಟೀಚರೇ ಬಿಡಿಸ್ಬೇಕಾಯ್ತು."

ನಾನು ಒಲೆಯ ಕಡೆ ತಿರುಗಿದೆ. ಹಾಲು ಉಕ್ಕುವ ಹಾಗಿತ್ತು. ಉಕ್ಕಿದರೆ ಉಕ್ಕಲಿ ಎನ್ನಿಸಿತು, ಆದರೂ ಆರಿಸಿದೆ.

"ಅದು ಯಾವ ಕೈ?"

"ಎಡಗೈ."

"ಬಲಗೈ?"

"ಬಲಗಡೆ ಒಬ್ಬ ಹುಡುಗ ಇದ್ದ. ಹಿಡ್ಕೊಂಡೇ ಇದ್ದ ಅನ್ಸುತ್ತೆ. ಕಿಟಕಿ ಸರಳು ಅಡ್ಡ ಇತ್ತು."

"ಅನ್ಸುತ್ತೆ ಅಂದ್ರೆ?"

"ಹಿಡ್ಕೊಂಡಿರ್ತಾನೆ ಬಿಡೇ. ರೌಂಡು ಅಂದ್ಮೇಲೆ ಎಲ್ರೂ ಹಿಡ್ಕೋಬೇಕಲ್ವಾ, ಇಲ್ಲಾಂದ್ರೆ ಅದು ರೌಂಡು ಹೇಗಾಗುತ್ತೆ?"

ಇವರು ಹೇಳುವುದು ಸರಿಯೇ. ನನಗೂ ಗೊತ್ತು. ಬುಗುರಿಯ ಬೂಟು ಬಿಚ್ಚಿ ಬಂದೆ, ಊಟ ಬಡಿಸಿದೆ, ಪಾತ್ರೆ ತೊಳೆದೆ, ಕೈಗವಸು ಹಾಕಿಕೊಂಡೇ. ಇವರು ಹಾಸಿಗೆಗೆ ಹೋಗಿ ಕಣ್ಣು ಮುಚ್ಚಿದ ಮೇಲೆ ಭುಜ ಅಲುಗಿಸಿ ಹೇಳಿದೆ:

"ರೀ, ನಾಳೆ ಬಿಡೋಕೆ ಹೋದಾಗ ಇನ್ನೊಂದು ಕಿಟಕಿ ಹತ್ರ ನಿಂತ್ಕೊಳ್ಳಿ. ಆ ಬಲಗೈ ಒಂದು ಸಲ ಸರಿಯಾಗಿ ನೋಡ್ಕೊಂಡು ಬನ್ನಿ."